ಖಾಲಿ ಗಾಡಿಯ ಫ್ಯಾನು

ನಮ್ಮ ಭಾವ ಒಂದು ಕೋಣೆಯಿಂದ ಎದ್ದು ಹೋದರೆ ಆ ಕೋಣೆ ಖಾಲಿಯಾಯಿತು ಎಂದೇ ಲೆಕ್ಕ. ಒಳಗೆ ನಾಲ್ಕು ಜನ ಕೂತು ಮಾತಾಡುತ್ತಿರಲಿ, ಅಕ್ಕ ಹೊಲಿಗೆ ಯಂತ್ರದ ಮುಂದೆ ಬೆವರು ಒರೆಸಿಕೊಳ್ಳುತ್ತಿರಲಿ, ಬಾಗಿಲು ದಾಟುವಾಗ ಅವರ ಬಲಗೈ ತಾನಾಗಿ ಗೋಡೆಗೆ ಹೋಗುತ್ತದೆ, ಟಕ್ ಎನ್ನುತ್ತದೆ, ಫ್ಯಾನು ನಿಲ್ಲುತ್ತದೆ. ಸಿಟ್ಟಿನಿಂದ ಮಾಡುವುದಲ್ಲ. ಕೈ ಮಾಡುತ್ತದೆ, ತಲೆಗೆ ಸುದ್ದಿಯೇ ಹೋಗುವುದಿಲ್ಲ. ಅಕ್ಕ ಎದ್ದು ಬಂದು ಮತ್ತೆ ಹಾಕಿಕೊಳ್ಳುತ್ತಾಳೆ. ಮದುವೆಯಾಗಿ ಇಪ್ಪತ್ತಾರು ವರ್ಷ ಇದೇ ನಡೆದಿದೆ. ನೆಂಟರು ಸೇರಿದ ದಿನ ಭಾವ ಕುರ್ಚಿಯಿಂದ ಏಳುವುದೇ ತಡ, ಯಾರಾದರೂ 'ಬೀಸಣಿಗೆ ತನ್ರಪ್ಪಾ' ಎನ್ನುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಕ್ಕನೂ ನಗುತ್ತಿದ್ದಳು. ಆಗ ಅವಳ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ.

ಭಾವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾರೆ. ವಿದ್ಯುತ್ತಿನ ಬಗ್ಗೆ ಅವರಿಗೆ ತಿಳಿಯದ್ದು ಯಾವುದೂ ಇಲ್ಲ, ವೈರು ಸುಲಿಯುವುದೊಂದನ್ನು ಬಿಟ್ಟು. ನಾನು ಇಪ್ಪತ್ತೆರಡು ವರ್ಷದಿಂದ ಕಾರುಗಳ ವೈರಿಂಗ್ ಮಾಡಿಕೊಂಡು ಬದುಕುತ್ತಿರುವವನು. ಒಂದು ಕಡೆ ಟೈರ್ ಅಂಗಡಿ, ಇನ್ನೊಂದು ಕಡೆ ಸೀಟ್ ಕವರ್ ಹೊಲಿಯುವವನ ಅಂಗಡಿ, ನಡುವೆ ಒಂದು ಗಾಡಿ ನಿಲ್ಲುವಷ್ಟು ಜಾಗ, ಅದೇ ನನ್ನ ಸಾಮ್ರಾಜ್ಯ. ಊರವರೆಲ್ಲ ಗಾಡಿ ತಂದು ನನ್ನ ಮುಂದೆ ನಿಲ್ಲಿಸುತ್ತಾರೆ, ನಮ್ಮ ಭಾವ ಮಾತ್ರ ಇಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಅದರಲ್ಲೂ ಹತ್ತನೇ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಗಿಡ.

ಅವರ ಬಳಿ ಒಂದು ಹಳೆಯ ಕಾರಿದೆ. ಹದಿನೇಳು ವರ್ಷ ಅದನ್ನು ಅವರೇ ಓಡಿಸಿದರು, ಬೇರೆ ಯಾರೂ ಸ್ಟಿಯರಿಂಗ್ ಮುಟ್ಟುವಂತಿರಲಿಲ್ಲ. ಅಕ್ಕನ ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗೆ ಬೆಚ್ಚಗೆ ಮಲಗಿತ್ತು. ಕಳೆದ ವರ್ಷ ಭಾವನ ಒಂದು ಕಣ್ಣಿಗೆ ಆಪರೇಷನ್ ಆಯಿತು. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಅಂದಾಜು ಎಂಬ ಸ್ಥಿತಿ. ಕಣ್ಣಿನ ಡಾಕ್ಟರು ಇನ್ನು ಗಾಡಿ ಓಡಿಸುವಂತಿಲ್ಲ ಎಂದು ಹೇಳಿದ ದಿನ ಭಾವ ಊಟ ಮಾಡಲಿಲ್ಲ. ಅಕ್ಕ ಊಟ ಮಾಡಿ, ಕೈ ತೊಳೆದು, ಬೀರು ತೆಗೆದಳಂತೆ.

ಅದೇ ಹೊತ್ತಿಗೆ ಅವಳಿಗೆ ಒಂದು ಕೆಲಸವೂ ಸಿಕ್ಕಿತ್ತು. ಊರಿನ ಆಚೆ ತುದಿಯಲ್ಲಿ ಹೆಂಗಸರ ತರಬೇತಿ ಕೇಂದ್ರವಿದೆ, ಅಲ್ಲಿ ವಾರಕ್ಕೆ ಮೂರು ದಿನ ಹೊಲಿಗೆ ಕಲಿಸುವುದು. ಹದಿನೆಂಟು ಜನ ಕಲಿಯುವವರು, ಕೇಂದ್ರದಲ್ಲಿರುವುದು ನಾಲ್ಕೇ ಯಂತ್ರ. ಹಾಗಾಗಿ ಅಕ್ಕ ತನ್ನ ಎರಡು ಯಂತ್ರಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟುಕೊಂಡು ಹೋಗುತ್ತಾಳೆ. ಬಸ್ಸಿನಲ್ಲಿ ಅದನ್ನೆಲ್ಲ ಹೊತ್ತುಕೊಂಡು ಹೋಗುವುದು ಆಗದ ಮಾತು. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಮೊದಲ ವಾರ ಅವಳು ನನ್ನ ಅಂಗಡಿಗೆ ಬಂದು ಹೇಳಿದ್ದು ಒಂದೇ ಮಾತು: "ಅಲ್ಲಿ ಎಲ್ರೂ ನನ್ನ ಟೀಚರ್ ಅಂತಾರೆ ಕಣೋ." ಐವತ್ತು ದಾಟಿದ ಹೆಂಗಸು, ಆ ಮಾತು ಹೇಳುವಾಗ ಕಿವಿಯವರೆಗೂ ಕೆಂಪಾಗಿದ್ದಳು.

ಬೆಳಗಿನ ಏರ್ಪಾಡು ಹೀಗೆ. ಅಕ್ಕ ಗಾಡಿ ಓಡಿಸುತ್ತಾಳೆ. ಭಾವ ಪಕ್ಕದ ಸೀಟಿನಲ್ಲಿ ಕೂತು ಬಾಯಲ್ಲಿ ಗಾಡಿ ಓಡಿಸುತ್ತಾರೆ. ಕಾಲೇಜಿನ ಗೇಟಿನಲ್ಲಿ ಅವರು ಇಳಿದುಕೊಳ್ಳುತ್ತಾರೆ. ಅಕ್ಕ ಅಲ್ಲಿಂದ ಮುಂದೆ ಮಾರುಕಟ್ಟೆಯ ರಸ್ತೆಯಲ್ಲಿ ತೆವಳಿಕೊಂಡು ಒಂಬತ್ತೂವರೆಗೆ ಕೇಂದ್ರ ಸೇರಬೇಕು. ಆ ರಸ್ತೆ ಒಮ್ಮುಖ. ತಳ್ಳುಗಾಡಿ, ಲಾರಿ, ತರಕಾರಿ ಮೂಟೆ, ಅದರ ನಡುವೆ ನಮ್ಮಂಥವರು. ವಾಪಸು ಬರುವುದು ಕೆರೆಯ ಸುತ್ತಿನ ಖಾಲಿ ದಾರಿಯಲ್ಲಿ.

ಹೀಗಿರುವಾಗ ಗಾಡಿಯ ಹಳೆಯ ಫ್ಯಾನು ಸುಟ್ಟುಹೋಯಿತು. ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಹಿಂದೆ ಒಂದು ಫ್ಯಾನಿರುತ್ತದೆ. ಗಾಡಿ ಓಡುತ್ತಿದ್ದರೆ ಎದುರುಗಾಳಿಯೇ ಎಂಜಿನ್ನಿನ ನೀರನ್ನು ತಣಿಸುತ್ತದೆ. ನಿಂತಲ್ಲೇ ನಿಂತರೆ, ತೆವಳಿದರೆ, ಆ ಫ್ಯಾನೇ ಗತಿ. ನಾನು ಹೊಸದು ಹಾಕಿಕೊಡುತ್ತೇನೆ ಎಂದೆ.

"ಬೇಡ," ಎಂದರು ಭಾವ. "ನೀವುಗಳು ಮಾಡೋದು ಅಂದಾಜಿನ ಕೆಲಸ. ನಾನು ಲೆಕ್ಕ ಹಾಕಿ ಮಾಡ್ತೀನಿ."

ಗುಜರಿಯಿಂದ ಯಾವುದೋ ದೊಡ್ಡ ಕಾರಿನ ಎರಡು ಸ್ಪೀಡಿನ ಫ್ಯಾನು ತಂದರು. ನೀರು ಬಿಸಿಯಾದಾಗ ನಿಧಾನ, ಇನ್ನೂ ಬಿಸಿಯಾದಾಗ ಜೋರು, ಅಷ್ಟೇ ಅದರ ಧರ್ಮ. ರೇಡಿಯೇಟರಿಗೆ ತಿರುಗಿಸಿ ಕೂರಿಸುವ ಒಂದು ಟೆಂಪರೇಚರ್ ಸ್ವಿಚ್ಚು ಎರಡು ಹಂತದಲ್ಲಿ ಸುದ್ದಿ ಕೊಡುತ್ತದೆ, ಎರಡು ರಿಲೇಗಳು ಆ ಸುದ್ದಿ ಕೇಳಿ ಫ್ಯಾನು ಓಡಿಸುತ್ತವೆ. ರಿಲೇ ಎಂದರೆ ಗಾಬರಿಯಾಗಬೇಡಿ, ಅದು ಮನೆ ಯಜಮಾನನಿದ್ದ ಹಾಗೆ. ಒಂದು ಕಡೆ ಸಣ್ಣ ಕರೆಂಟು ಬಂದು ಟಕ್ ಎಂದು ಅಪ್ಪಣೆ ಕೊಡುತ್ತದೆ, ಇನ್ನೊಂದು ಕಡೆ ದೊಡ್ಡ ಕರೆಂಟು ಹೊರೆ ಹೊತ್ತು ಓಡುತ್ತದೆ. ಹೊರೆ ಹೊರುವ ವೈರು ದಪ್ಪ ಇರಬೇಕು. ಅಪ್ಪಣೆ ಕೊಡುವ ವೈರು ಎಷ್ಟು ಸಣಕಲಾಗಿದ್ದರೂ ನಡೆಯುತ್ತದೆ.

ನಾನು ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ಭಾವ ಮೂರು ಭಾನುವಾರ ತೆಗೆದುಕೊಂಡರು. ಮೊದಲನೆಯದು ಊಟದ ಮೇಜಿನ ಮೇಲೆ ನಕ್ಷೆ ಬರೆಯುವುದರಲ್ಲಿ ಹೋಯಿತು. ನಾಲ್ಕು ಬಣ್ಣದ ಪೆನ್ನು. ಎರಡನೆಯದು ಅಕ್ಕನ ಕತ್ತರಿಯಲ್ಲಿ ವೈರು ಕತ್ತರಿಸುವುದರಲ್ಲಿ ಹೋಯಿತು, ಕತ್ತರಿಯೂ ಹೋಯಿತು. ಮೂರನೆಯ ಭಾನುವಾರ ಸಂಜೆ ಫ್ಯಾನು ತಿರುಗಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ತಿರುಗಿತು. ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿ, ಕೀ ತೆಗೆದು, ಎಲ್ಲರೂ ಒಳಗೆ ಹೋಗಿ ಟೀ ಕುಡಿಯುತ್ತಿದ್ದೆವು. ಹೊರಗಿಂದ ಗುಂಯ್ ಎಂಬ ಸದ್ದು ಕೇಳಿಸುತ್ತಲೇ ಇತ್ತು.

"ಏನದು?" ಎಂದರು ಭಾವ.

"ಫ್ಯಾನು, ಭಾವ. ಎಂಜಿನ್ ನಿಂತ ಮೇಲೂ ಒಳಗಿನ ಬಿಸಿ ಇಳಿಯೋವರೆಗೆ ಎರಡು ನಿಮಿಷ ತಿರುಗುತ್ತೆ. ತಾನಾಗೇ ನಿಲ್ಲುತ್ತೆ. ಹಾಗೇ ಇರಬೇಕು ಅದು."

"ಖಾಲಿ ಗಾಡೀಲಿ ಫ್ಯಾನಾ?"

ಟೀ ಲೋಟ ಹಾಗೇ ಬಿಟ್ಟು ಎದ್ದು ಹೊರಗೆ ಓಡಿದರು. ಹೋಗುವಾಗ ನಾವು ಕೂತಿದ್ದ ಕೋಣೆಯ ಫ್ಯಾನು ಆರಿಸಿ ಹೋದರು, ಅದು ಬೇರೆ ಮಾತು. ಯಾರೂ ಇಲ್ಲದ ಕಾರಿನಲ್ಲಿ ಗಾಳಿ ಬೀಸಿಕೊಂಡು ಕೂತ ಆ ಫ್ಯಾನನ್ನು ಅವರು ಬಾನೆಟ್ಟಿನ ಮುಂದೆ ನಿಂತು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಮನೆಗೆ ನುಗ್ಗಿದ ಕಳ್ಳ ನಮ್ಮದೇ ಮಂಚದ ಮೇಲೆ ಮಲಗಿದ್ದರೂ ಮನುಷ್ಯ ಹಾಗೆ ನೋಡುವುದಿಲ್ಲ.

ಮಾರನೆಯ ದಿನವೇ ಡ್ಯಾಶ್‌ಬೋರ್ಡಿನ ಕೆಳಗೆ, ಪಕ್ಕದ ಸೀಟಿನ ಕಡೆ, ಒಂದು ಸಣ್ಣ ಸ್ವಿಚ್ಚು ಹುಟ್ಟಿಕೊಂಡಿತು. ಅಪ್ಪಣೆ ಕೊಡುವ ವೈರನ್ನು ಅದರ ಮೂಲಕ ಹಾಯಿಸಿದ್ದರು. ಸ್ವಿಚ್ಚು ಮೇಲಿದ್ದರೆ ಎಲ್ಲ ಸರಿ. ಕೆಳಗಿದ್ದರೆ ಎರಡು ರಿಲೇಗಳಿಗೂ ಬಾಯಿಗೆ ಬೀಗ, ನೀರು ಎಷ್ಟೇ ಕಾದರೂ ಫ್ಯಾನು ತಿರುಗುವುದಿಲ್ಲ.

"ಇದು ಅಪಾಯ ಭಾವ," ಎಂದೆ ನಾನು. "ಯಾರಾದ್ರೂ ಹಾಕೋದು ಮರೆತ್ರೆ ಎಂಜಿನ್ ಕುದ್ದುಹೋಗುತ್ತೆ."

"ಮರೆಯೋದಾ? ನಾನಾ? ಕೂತ ತಕ್ಷಣ ಮೊದಲು ಅದನ್ನ ಹಾಕ್ತೀನಿ. ಬೇರೆ ಯಾರೂ ಮುಟ್ಟೋ ಹಾಗಿಲ್ಲ ಅಂತ ನಿನ್ನ ಅಕ್ಕನಿಗೂ ಹೇಳಿದೀನಿ."

ಅಕ್ಕನಿಗೆ ಹೇಳಿದ್ದು ಅಷ್ಟೇ, ಮುಟ್ಟಬೇಡ ಎಂದು. ಅದು ಏನು, ಯಾತಕ್ಕೆ ಎಂದು ಹೇಳುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಅದಾದ ವಾರದಲ್ಲೇ ಗಾಡಿ ಮಾರುಕಟ್ಟೆ ರಸ್ತೆಯಲ್ಲಿ ಕುದಿಯಿತು. ಬಾನೆಟ್ಟಿನಿಂದ ಹಬೆ ಎದ್ದು, ಅಕ್ಕ ಈರುಳ್ಳಿ ಲಾರಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಮುಕ್ಕಾಲು ಗಂಟೆ ಕಾದಳು. ಕೇಂದ್ರ ತಲುಪುವಾಗ ಹತ್ತೂವರೆ. ಮುಂದಿನ ವಾರ ಲಾರಿಗಳು ದಾರಿ ಕಟ್ಟಿ ನಿಂತ ಒಂದು ದಿನ ಮತ್ತೆ ಕುದಿಯಿತು. ಅದರ ಮುಂದಿನ ವಾರ ಇನ್ನೊಂದು ಸಲ. ಮೂರು ಸಲವೂ ಭಾವ ಇಳಿದ ಮೇಲೆ, ಅಕ್ಕ ಒಬ್ಬಳೇ ಇದ್ದಾಗ.

ಭಾವ ತನಿಖೆಗೆ ಕೂತರು. ಒಂದು ಭಾನುವಾರ, ಮಾರುಕಟ್ಟೆ ಕಿಕ್ಕಿರಿದು ತುಂಬಿರುವ ಹೊತ್ತು ನೋಡಿ, ಅಕ್ಕನ ಕೈಯಲ್ಲಿ ಅದೇ ರಸ್ತೆಯಲ್ಲಿ ಗಾಡಿ ಓಡಿಸಿದರು. ತಾವು ಪಕ್ಕದಲ್ಲಿ ನೋಟ್‌ಬುಕ್ಕು ಹಿಡಿದು ಕೂತು ಎರಡೆರಡು ನಿಮಿಷಕ್ಕೆ ಬಿಸಿ ತೋರಿಸುವ ಮುಳ್ಳು ಎಲ್ಲಿದೆ ಎಂದು ಬರೆದುಕೊಂಡರು. ಮುಳ್ಳು ಅರ್ಧಕ್ಕಿಂತ ಒಂದು ಕೂದಲು ಮೇಲೆ ಹೋಗಲಿಲ್ಲ. ಸಂಜೆ ನನ್ನನ್ನು ಕರೆಸಿ ಫಲಿತಾಂಶ ಪ್ರಕಟಿಸಿದರು.

"ಅದೇ ಗಾಡಿ. ಅದೇ ರಸ್ತೆ. ಅದೇ ಡ್ರೈವರು. ನಾನಿದ್ದಾಗ ಕುದಿಯಲ್ಲ, ನಾನಿಲ್ಲದಾಗ ಕುದಿಯುತ್ತೆ. ಬದಲಾಗ್ತಿರೋ ಅಂಶ ಒಂದೇ. ನಾನು."

"ಅಂದ್ರೆ?"

"ಅಂದ್ರೆ ನಾನು ಪಕ್ಕದಲ್ಲಿದ್ರೆ ಸರಿಯಾಗಿ ಓಡಿಸ್ತಾಳೆ. ನಾನು ಇಳಿದ ಮೇಲೆ ಮನಸ್ಸಿಗೆ ಬಂದ ಹಾಗೆ ಓಡಿಸ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಗಾಡಿ ಮೇಲೆ ಹಾಕೋದು ಬೇಡ."

ವಿಜ್ಞಾನಕ್ಕೆ ಎದುರು ಯಾರು ಮಾತಾಡುತ್ತಾರೆ? ಆದರೂ ನಾನು ಗಾಡಿಯನ್ನು ಅಂಗಡಿಗೆ ತರಿಸಿದೆ. ಭಾವನೂ ಎಂದಿನಂತೆ ಆ ಸ್ವಿಚ್ಚು ಹಾಕಿಕೊಂಡು ಜೊತೆಗೆ ಬಂದರು, ನಾನು ನೋಡಿ ಮುಗಿಸುವವರೆಗೂ ಸೀಟು ಬಿಟ್ಟು ಇಳಿಯಲಿಲ್ಲ. ಬಾನೆಟ್ ಎತ್ತಿ ನೋಡಿದೆ. ಟೇಪು ಸುತ್ತಿದ್ದು ನೋಡಿದರೆ ಕಾಲು ಮುರಿದವನ ಬ್ಯಾಂಡೇಜು ನೆನಪಾಗುತ್ತಿತ್ತು. ಆದರೆ ತಪ್ಪು ಹುಡುಕಲು ಸಿಗಲಿಲ್ಲ. ಎಂಜಿನ್ ಓಡಿಸಿಟ್ಟು ಕಾಯಿಸಿದೆ. ಮೊದಲ ರಿಲೇ ಟಕ್ ಎಂದಿತು, ಫ್ಯಾನು ಗುಂಯ್ ಎಂದಿತು. ಇನ್ನೂ ಕಾಯಿಸಿದೆ. ಎರಡನೆಯದು ಟಕ್ ಎಂದಿತು, ನಿಧಾನದ್ದು ಕಡಿದು ಜೋರಿನದ್ದು ಭರ್ರ್ ಎಂದು ಹಿಡಿದುಕೊಂಡಿತು. ಎರಡೂ ಒಟ್ಟಿಗೆ ಬಂದು ಜಗಳ ಆಡದ ಹಾಗೆ ಕೂಡಾ ಭಾವ ಏರ್ಪಾಡು ಮಾಡಿದ್ದರು. ಒಳ್ಳೆಯ ಮೆಕ್ಯಾನಿಕ್ಕುಗಳೇ ಮರೆಯುವ ವಿಷಯ ಅದು. ಹೊಟ್ಟೆ ಉರಿದರೂ ಒಪ್ಪಿಕೊಂಡೆ.

ಆಮೇಲೆ ನಾನು ಮಾಡಿದ್ದು ಹೇಳಲು ನಾಚಿಕೆಯಾಗುತ್ತದೆ. ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಅಕ್ಕಾ, ಟ್ರಾಫಿಕ್ಕಲ್ಲಿ ನೀನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರ್ತೀಯೇನೋ. ಹಾಗೆ ಓಡಿಸಿದ್ರೂ ಹೀಟ್ ಆಗುತ್ತೆ."

ಅಕ್ಕ ನನ್ನನ್ನು ನೋಡಿದಳು. "ನೀನೂ ಅಂದ್ಯಾ," ಎಂದಳು. ಅಷ್ಟೇ. ಚಿಕ್ಕವನಿದ್ದಾಗ ನಾನು ಫ್ಯೂಸ್ ಸುಟ್ಟಾಗಲೆಲ್ಲ ತಪ್ಪನ್ನು ತನ್ನ ಮೇಲೆ ಹಾಕಿಕೊಂಡವಳು ಅವಳು. ಇಪ್ಪತ್ತೆರಡು ವರ್ಷದ ಅನುಭವ ಇಟ್ಟುಕೊಂಡು ನಾನು ಅವಳಿಗೆ ವಾಪಸು ಕೊಟ್ಟದ್ದು ಇದು.

ನಾಲ್ಕನೆಯ ಸಲ ಗಾಡಿ ಕುದಿದಾಗ ಎರಡು ತೀರ್ಪು ಒಂದೇ ದಿನ ಬಂದವು. ಕೇಂದ್ರದ ಮೇಡಂ ಅಕ್ಕನನ್ನು ಕರೆದು, ಕಲಿಯುವವರಲ್ಲಿ ಅರ್ಧ ಜನ ಕೆಲಸದಿಂದ ಬಿಡುವು ಮಾಡಿಕೊಂಡು ಬರುತ್ತಾರೆ, ಅವರನ್ನು ಕಾಯಿಸಲು ಆಗುವುದಿಲ್ಲ, ಇನ್ನೊಂದು ಸಲ ತಡವಾದರೆ ತರಗತಿಯನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು. ಮನೆಯಲ್ಲಿ ಭಾವ, ಇನ್ನೊಂದು ಸಲ ಕುದಿದರೆ ಗಾಡಿಯನ್ನು ತಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಕೊಟ್ಟುಬಿಡುತ್ತೇನೆ ಎಂದರು. "ಎಂಜಿನ್ ಹಾಳಾಗೋ ಮುಂಚೆ ಯಾರಾದ್ರೂ ಓಡಿಸೋಕೆ ಬರೋರ ಕೈ ಸೇರಲಿ." ನಾನು ಇನ್ನೊಂದು ಸಲ ನೋಡುತ್ತೇನೆ ಎಂದರೆ ಕೇಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದಕ್ಕೆ ಅವರ ಬಳಿ ನೋಟ್‌ಬುಕ್ಕಿನ ಪುರಾವೆ ಬೇರೆ ಇತ್ತು.

ಆ ಸಂಜೆ ಅಕ್ಕ ಫೋನ್ ಮಾಡಿದಳು.

"ನಾಳೆ ಬೆಳಿಗ್ಗೆ ಅಂಗಡಿ ತಡವಾಗಿ ತೆಗಿ. ಗಾಡೀಲಿ ನನ್ನ ಜೊತೆ ಬಾ."

"ಬರ್ತೀನಿ ಅಕ್ಕ. ಏನು ನೋಡಬೇಕು?"

"ನನ್ನ ಕಾಲು ಎಲ್ಲಿರುತ್ತೆ ಅಂತ ನೋಡು."

ಮಾರನೆಯ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ, ಕಾಲು ಕಾಣುವ ಹಾಗೆ ನಡುವೆ ಕೂತೆ. ಭಾವ ಬಂದು ಕೂತರು, ಮೊದಲು ಕೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು, ಸ್ವಿಚ್ಚು ಹಾಕಿದರು. ನನ್ನ ಕಡೆ ತಿರುಗಿ, ನೋಡಿದೆಯಾ, ಮರೆತೆನಾ ಎಂಬಂತೆ ಹುಬ್ಬು ಹಾರಿಸಿದರು. ದಾರಿಯುದ್ದಕ್ಕೂ ಪಾಠ. ಗೇರು ಈಗ ಹಾಕು, ಈಗ ಬೇಡ, ಆ ಸೈಕಲ್ಲಿನವನನ್ನು ನೋಡು, ನನ್ನ ಮುಖ ಯಾಕೆ ನೋಡುತ್ತೀಯ. ಅಕ್ಕ ಅವರ ಮುಖ ನೋಡಿರಲಿಲ್ಲ. ಅವಳ ಎಡಗಾಲು ಗೇರು ಬದಲಿಸುವಾಗ ಮಾತ್ರ ಕ್ಲಚ್ ಮೇಲೆ ಹೋಗುತ್ತಿತ್ತು, ಆಮೇಲೆ ಪಕ್ಕಕ್ಕೆ ಬಂದು ಚೊಕ್ಕವಾಗಿ ಕೂರುತ್ತಿತ್ತು. ನನ್ನ ಅಂಗಡಿಗೆ ಬರುವ ಹತ್ತು ಡ್ರೈವರುಗಳಲ್ಲಿ ಒಂಬತ್ತು ಜನ ಹಾಗೆ ಓಡಿಸುವುದಿಲ್ಲ.

ಕಾಲೇಜಿನ ಗೇಟು ಬಂತು. ಭಾವ ಇಳಿದರು, ಬಗ್ಗಿ ಬ್ಯಾಗು ತೆಗೆದುಕೊಂಡರು, "ಹುಷಾರು" ಎಂದು ಬಾಗಿಲು ಹಾಕಿದರು. ನಾವು ಹೊರಟೆವು.

ಮಾರುಕಟ್ಟೆಯ ಮೂಲೆಯಲ್ಲಿ ಎಲ್ಲ ನಿಂತಿತ್ತು. ಎದುರಿಗೆ ಮೂಟೆ ಇಳಿಸುತ್ತಿದ್ದ ಲಾರಿ, ಹಿಂದೆ ಹಾರನ್ನು. ನಾನು ಕಾಲು ನೋಡುವುದು ಬಿಟ್ಟು ಮುಳ್ಳು ನೋಡತೊಡಗಿದೆ. ಅರ್ಧ ದಾಟಿತು. ಮುಕ್ಕಾಲಿಗೆ ಬಂತು. ಅಕ್ಕ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದಳು. ಗಡಿಯಾರದಲ್ಲಿ ಒಂಬತ್ತು ಹತ್ತು.

"ಶುರುವಾಯ್ತು," ಎಂದಳು ಮೆಲ್ಲಗೆ. "ನನ್ನ ಕಾಲು ಎಲ್ಲಿದೆ ಹೇಳು."

"ಸರಿಯಾದ ಜಾಗದಲ್ಲೇ ಇದೆ ಅಕ್ಕ."

"ಬಾಯಿ ಬಿಟ್ಟು ಹೇಳಿದ್ಯಲ್ಲ, ಸಾಕು. ಗಾಡಿ ಹೋದ್ರೂ ಹೋಗ್ಲಿ."

ಹೋಗಲಿ ಎಂದಳೇ ಹೊರತು, ಕೈ ಸ್ಟಿಯರಿಂಗನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು. ನಾನು ಕಿಟಕಿ ಇಳಿಸಿ ಕಿವಿಗೊಟ್ಟೆ. ಈ ಬಿಸಿಗೆ ಫ್ಯಾನು ಭರ್ರ್ ಎಂದು ಕೂಗುತ್ತಿರಬೇಕಿತ್ತು. ಉಸಿರೇ ಇಲ್ಲ. ನಿಧಾನದ್ದೂ ಇಲ್ಲ, ಜೋರಿನದ್ದೂ ಇಲ್ಲ. ಎರಡೂ ಒಟ್ಟಿಗೆ ಸಾಯಬೇಕಾದರೆ ಎರಡಕ್ಕೂ ಸೇರಿದ ಜಾಗದಲ್ಲೇ ಏನೋ ಕಡಿದಿರಬೇಕು. ಎರಡಕ್ಕೂ ಸೇರಿದ ಜಾಗ ಯಾವುದು ಎಂದು ಯೋಚಿಸುತ್ತಾ ಮುಂದಕ್ಕೆ ಬಗ್ಗಿದೆ. ಡ್ಯಾಶ್‌ಬೋರ್ಡಿನ ಕೆಳಗೆ ಆ ಸ್ವಿಚ್ಚು ತಲೆ ತಗ್ಗಿಸಿ ಕೂತಿತ್ತು.

ಆಗ ನೆನಪಾಯಿತು. ಕಾಲೇಜಿನ ಗೇಟಿನಲ್ಲಿ ಭಾವ ಬ್ಯಾಗಿಗೆ ಬಗ್ಗಿದಾಗ ಟಕ್ ಎಂಬ ಸದ್ದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿತ್ತು, ಆದರೆ ಒಳಗೆ ಹೋಗಿರಲಿಲ್ಲ. ಭಾವ ಎಲ್ಲಿಂದಾದರೂ ಎದ್ದು ಹೋಗುವಾಗ ಆ ಸದ್ದು ಆಗುವುದು ನಮ್ಮ ಮನೆಯಲ್ಲಿ ಎಷ್ಟು ಮಾಮೂಲು ಎಂದರೆ, ಸದ್ದಿನಿಂದಲೇ ಹೊಟ್ಟೆ ಹೊರೆಯುವ ನಾನೂ ಅದನ್ನು ಕೇಳಿಸಿಕೊಂಡಿರಲಿಲ್ಲ.

ಕೈ ಚಾಚಿ ಸ್ವಿಚ್ಚು ಮೇಲಕ್ಕೆ ಎತ್ತಿದೆ. ಟಕ್, ಟಕ್. ಫ್ಯಾನು ನೇರ ಜೋರಿನಲ್ಲೇ ಎದ್ದು ಕೂಗತೊಡಗಿತು. ಅಕ್ಕ ಬೆಚ್ಚಿದಳು.

"ಏನು ಮಾಡ್ದೆ? ಅದನ್ನ ಮುಟ್ಟಬಾರದಂತೆ."

"ಇದು ಎಂಜಿನ್ನಿನ ಫ್ಯಾನಿಂದು ಅಕ್ಕ. ಇದು ಕೆಳಗಿದ್ರೆ ಫ್ಯಾನು ತಿರುಗಲ್ಲ. ಭಾವ ಹತ್ತಿದಾಗ ಹಾಕ್ತಾರೆ. ಇಳಿಯೋವಾಗ ಆರಿಸ್ತಾರೆ."

ಮುಳ್ಳು ಕೆಂಪಿನ ಅಂಚಿನಲ್ಲಿ ನಿಂತು, ಯೋಚಿಸಿ, ಕೆಳಗೆ ಇಳಿಯತೊಡಗಿತು. ಲಾರಿಯವನು ಕೊನೆಯ ಮೂಟೆ ಇಳಿಸಿದ. ಹಿಂದಿನವನು ಹಾರನ್ ಒತ್ತಿದ. ಅಕ್ಕ ಗೇರು ಹಾಕಿ ನಾಲ್ಕು ಮಾರು ಮುಂದೆ ಹೋಗಿ ಮತ್ತೆ ನಿಲ್ಲಿಸಿದಳು.

"ದಿನಾನೂ?"

"ಅನ್ಸುತ್ತೆ. ಅವರಿಗೇ ಗೊತ್ತಿರಲ್ಲ ಅಕ್ಕ. ಕೈಗೆ ಅಭ್ಯಾಸ. ಇಳಿದ್ರು, ಗಾಡಿ ಖಾಲಿ, ಫ್ಯಾನು ಆಫ್."

ಇದು ನಗುವ ವಿಷಯ. ಇಪ್ಪತ್ತಾರು ವರ್ಷ ನಾವು ನಕ್ಕ ವಿಷಯವೇ. ಅಕ್ಕನೂ ಈಗ ನಗುತ್ತಾಳೆ ಎಂದುಕೊಂಡು ನಾನು ಹಲ್ಲು ಬಿಟ್ಟೆ. ಅವಳು ನಗಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ಆ ಕಣ್ಣಿನಲ್ಲಿ ನೀರಿತ್ತು, ಕಣ್ಣೊರೆಸಿಕೊಳ್ಳಲು ಕೈ ಸ್ಟಿಯರಿಂಗ್ ಬಿಡಲಿಲ್ಲ. ನನ್ನ ಹಲ್ಲು ನಾನೇ ಒಳಗೆ ಹಾಕಿಕೊಂಡೆ.

"ಅಕ್ಕಾ, ಕ್ಲಚ್ಚಿಂದು ಹೇಳಿದ್ದು ತಪ್ಪಾಯ್ತು."

"ಹೂಂ," ಎಂದಳು. ಇರಲಿ ಬಿಡು ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಒಂಬತ್ತು ಇಪ್ಪತ್ತೈದಕ್ಕೆ ಕೇಂದ್ರ ತಲುಪಿದೆವು. ಯಂತ್ರಗಳನ್ನು ಇಳಿಸಿ ಒಳಗಿಟ್ಟೆ. ಉದ್ದನೆಯ ಮೇಜಿನ ಸುತ್ತ ಬಟ್ಟೆಯ ತುಂಡು ಹಿಡಿದು ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಒಬ್ಬಳು ಬಾಗಿಲ ಮೇಲಿನ ಗಡಿಯಾರ ನೋಡಿ ಪಕ್ಕದವಳ ಕೈ ಹಿಸುಕಿದಳು. ಅವರೂ ಅವತ್ತು ಮುಳ್ಳನ್ನೇ ನೋಡುತ್ತಾ ಕೂತಿದ್ದರು ಎಂದು ನನಗೆ ಆಗ ತಿಳಿಯಿತು.

ಹೊರಡುವಾಗ ಅಕ್ಕನಿಗೆ ಹೇಳಿದೆ: "ಕಟಿಂಗ್ ಪ್ಲೇಯರ್ ಜೇಬಲ್ಲೇ ಇದೆ. ಆ ಸ್ವಿಚ್ ಕಿತ್ತು ವೈರು ಜೋಡಿಸೋಕೆ ಎರಡು ನಿಮಿಷ ಸಾಕು. ಭಾವನಿಗೆ ಹೇಳೋದೂ ಬೇಡ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಕೀಳಬೇಡ," ಎಂದಳು ಅಕ್ಕ. "ನೀನೂ ಏನೂ ಹೇಳಬೇಡ. ಸಾಯಂಕಾಲ ಬಾ."

ಸಂಜೆ ನಾನು ಮತ್ತೆ ಅಕ್ಕನ ಗಾಡಿಯ ಹಿಂದಿನ ಸೀಟಿನಲ್ಲಿದ್ದೆ. ಕಾಲೇಜಿನ ಗೇಟಿನಲ್ಲಿ ಭಾವನ ಜೊತೆ ರಸಾಯನಶಾಸ್ತ್ರದವರೂ ನಿಂತಿದ್ದರು. ಗಾಡಿ ನಿಂತ ಕೂಡಲೇ ಅವರು ಒಂದು ಸುತ್ತು ಹಾಕಿ, ಮುಂದಿನ ಟೈರನ್ನು ಬೂಟಿನ ತುದಿಯಿಂದ ಮಾತಾಡಿಸಿದರು. ಹೆಣ್ಣು ನೋಡಲು ಬಂದವರಂತೆ ಬಾಗಿಲು ತೆಗೆದು ಹಾಕಿ ಮಾಡಿದರು.

ಭಾವ ಕೂತರು. ಮೊದಲು ಕೈ ಕೆಳಗೆ ಹೋಯಿತು. ಸ್ವಿಚ್ಚು ಆಗಲೇ ಮೇಲಿತ್ತು. ಬೆರಳು ಒಂದು ಗಳಿಗೆ ಅಲ್ಲೇ ತಡಕಾಡಿ ಸುಮ್ಮನಾಯಿತು.

"ಕುದೀತಾ?" ಎಂದು ಕೇಳಿದರು. ಕೇಳಿದ ಧ್ವನಿಯಲ್ಲಿ ಚಿಂತೆಗಿಂತ ಆಸೆಯೇ ಹೆಚ್ಚಿತ್ತು. ರಸಾಯನಶಾಸ್ತ್ರದವರು ಕಿಟಕಿಗೆ ಕಿವಿ ಕೊಟ್ಟರು.

"ಕುದಿಯೋಷ್ಟರಲ್ಲಿ ಸರಿಹೋಯ್ತು," ಎಂದಳು ಅಕ್ಕ. ಕಿಟಕಿಯ ಆಚೆ ಬಗ್ಗಿ ಹೇಳಿದಳು: "ಸರ್, ಗಾಡಿ ಕೊಡಲ್ಲ. ನೀವು ಕಾಯಬೇಡಿ."

"ಏನಾಗಿತ್ತು?" ಎಂದರು ಭಾವ, ಗಾಡಿ ಹೊರಟ ಮೇಲೆ. "ಕಾರಣ ಇಲ್ದೆ ಏನೂ ಸರಿಹೋಗಲ್ಲ."

"ಮನೇಲಿ ಹೇಳ್ತೀನಿ."

ಎಂದಿನ ದಾರಿ ಬಿಟ್ಟು ಅಕ್ಕ ಬೇಕೆಂದೇ ಬಸ್ ನಿಲ್ದಾಣದ ಮುಂದಿನ ದಾರಿ ಹಿಡಿದಳು. ಅಲ್ಲಿ ಸಂಜೆ ಇರುವೆಯೂ ಸರಾಗವಾಗಿ ನಡೆಯುವುದಿಲ್ಲ. ಅರ್ಧ ಗಂಟೆ ತೆವಳಿದೆವು. ಭಾವ ದಾರಿಯುದ್ದಕ್ಕೂ ಬಾಯಲ್ಲೇ ಓಡಿಸಿದರು. ನಾನು ಹಿಂದೆ ಕೂತು, ಫ್ಯಾನು ಮೊದಲು ಗುಂಯ್ ಎಂದಿದ್ದನ್ನೂ, ಆಮೇಲೆ ಭರ್ರ್ ಎಂದು ಹಿಡಿದುಕೊಂಡಿದ್ದನ್ನೂ ಕೇಳಿಸಿಕೊಂಡೆ. ಮುಳ್ಳು ಅರ್ಧದ ಆಸುಪಾಸಿನಲ್ಲೇ ಇತ್ತು.

ಮನೆಯ ಮುಂದೆ ಗಾಡಿ ನಿಲ್ಲಿಸಿ ಅಕ್ಕ ಎಂಜಿನ್ ಆರಿಸಿದಳು. ಫ್ಯಾನು ಇನ್ನೂ ಜೋರಾಗಿ ತಿರುಗುತ್ತಿತ್ತು. ಭಾವ ಬಾಗಿಲು ತೆಗೆದರು, ಒಂದು ಕಾಲು ಹೊರಗಿಟ್ಟರು, ಬಗ್ಗಿ ಬ್ಯಾಗಿಗೆ ಕೈ ಹಾಕಿದರು. ಇನ್ನೊಂದು ಕೈ, ಯಾರನ್ನೂ ಕೇಳದೆ, ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು.

"ನಾನಿನ್ನೂ ಒಳಗಿದೀನಿ," ಎಂದಳು ಅಕ್ಕ.

"ಏನು?"

"ನಾನಿನ್ನೂ ಒಳಗೆ ಕೂತಿದೀನಿ. ಇಳಿದಿರೋದು ನೀವು."

ಭಾವ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಬಗ್ಗಿ ತಮ್ಮ ಕೈ ನೋಡಿದರು. ಬೆರಳು ಸ್ವಿಚ್ಚಿನ ಮೇಲಿತ್ತು, ಅದನ್ನು ಅಲ್ಲಿಗೆ ಯಾರು ಕಳಿಸಿದರು ಎಂದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಏನೇ ಹೇಳಿ, ಲೆಕ್ಕದಲ್ಲಿ ಅವರು ದಡ್ಡರಲ್ಲ. ಅದೇ ಗಾಡಿ, ಅದೇ ರಸ್ತೆ, ಅದೇ ಡ್ರೈವರು, ಬದಲಾಗುವ ಅಂಶ ಒಂದೇ. ಆ ಲೆಕ್ಕವನ್ನು ಅವರು ಕೊನೆಯ ಸಾಲಿನವರೆಗೆ ಓದುವುದನ್ನು ನಾನು ಹಿಂದಿನ ಸೀಟಿನಿಂದ ನೋಡಿದೆ. ವ್ಯಂಗ್ಯವಾಗಿ ಹೇಳಲು ನಾಲ್ಕು ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಲು ಮನಸ್ಸಾಗಲಿಲ್ಲ.

"ಬೆಳಿಗ್ಗೇನೂ?" ಎಂದು ಕೇಳಿದರು, ಬಹಳ ಸಣ್ಣ ಧ್ವನಿಯಲ್ಲಿ.

"ದಿನಾ," ಎಂದಳು ಅಕ್ಕ. "ಗಾಡೀಲಿ ಈಗ ಒಂದು ತಿಂಗಳಿಂದ."

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು. ಬ್ಯಾಗು ಸೀಟಿನ ಮೇಲೇ ಉಳಿಯಿತು. ತೆಗೆದ ಬಾಗಿಲು ಹಿಡಿದುಕೊಂಡು, ಹಾಕಬೇಕೋ ಬೇಡವೋ ತಿಳಿಯದೆ, ಹೊರಗೆ ನಿಂತುಕೊಂಡರು. ಅಕ್ಕ ಕದಲಲಿಲ್ಲ. ಫ್ಯಾನು ಸ್ವಲ್ಪ ಹೊತ್ತು ಜೋರಾಗಿ ತಿರುಗಿತು. ಒಂದು ರಿಲೇ ಟಕ್ ಎಂದು ಬಿಟ್ಟಿತು, ನಿಧಾನದ್ದು ಹಿಡಿದುಕೊಂಡಿತು. ನಾವು ಮೂವರೂ ಅದನ್ನೇ ಕೇಳುತ್ತಿದ್ದೆವು. ಕೊನೆಗೆ ಅದೂ ತಾನಾಗಿ ನಿಂತಿತು. ಆಮೇಲೆ ಅಕ್ಕ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡು ಇಳಿದಳು.